ಚೀಲಕ್ಕೆ ಕೊಟ್ಟ ಟಿಕೆಟ್ಟು

ರೈಲು ಇನ್ನೂ ಪೂರ್ತಿ ನಿಂತಿರಲಿಲ್ಲ. ಅಷ್ಟರಲ್ಲೇ ಹೆಂಗಸರ ಬೋಗಿಯ ಬಾಗಿಲಿನಿಂದ ಅನುಷಾ ಕೆಳಗೆ ಹಾರಿದಳು. ಎರಡು ಹೆಗಲಿಗೂ ಚೀಲ, ಎರಡು ಕೈಗೂ ಚೀಲ. ಬಿದ್ದರೆ ಹಲ್ಲು ಉದುರುತ್ತವೆ ಎಂಬ ಯೋಚನೆ ಆ ಹುಡುಗಿಗೆ ಇದ್ದಂತಿರಲಿಲ್ಲ. ಪ್ಲಾಟ್‌ಫಾರಂ ದಾಟಿ, ಗೇಟು ದಾಟಿ, ರಸ್ತೆಯ ಆಚೆ ಗುರುಗುಟ್ಟುತ್ತ ನಿಂತಿದ್ದ ಸಿರುಗುಪ್ಪ ಬಸ್ಸಿನ ಕಡೆ ಓಟ ಕಿತ್ತಳು.

ಗೇಟಿನಲ್ಲಿ ನಿಂತಿದ್ದ ರೈಲ್ವೆ ಪೊಲೀಸ್ ಎಎಸ್‌ಐ ವೀರಭದ್ರಮ್ಮ ಆಕೆಯನ್ನು ತಡೆಯಲಿಲ್ಲ. ಹನ್ನೊಂದು ವರ್ಷದಿಂದ ಇದೇ ಗೇಟು, ಇದೇ ಓಟ. ಓಡುವವರ ಮುಖ ಬದಲಾಗುತ್ತದೆ, ಅಷ್ಟೇ.

ಬಳ್ಳಾರಿಯ ಅಂಚಿನಲ್ಲಿರುವ ಈ ಕೋಟೆಬಯಲು ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ನಿಲ್ಲುವುದು ಎರಡೇ ನಿಮಿಷ. ಇಲ್ಲಿ ಇಳಿದವರಲ್ಲಿ ಊರೊಳಗೆ ಹೋಗುವವರು ಕಡಿಮೆ. ಸಿರುಗುಪ್ಪಕ್ಕಾಗಲಿ ಕುರುಗೋಡಿಗಾಗಲಿ ರೈಲಿಲ್ಲ. ಆ ಕಡೆ ಕೆಲಸವಿರುವ ಟೀಚರುಗಳು, ನರ್ಸುಗಳು, ಆಫೀಸಿನವರು ಇಲ್ಲಿ ಇಳಿದು ಎದುರಿನ ರಸ್ತೆಯಲ್ಲಿ ಬಸ್ಸು ಹಿಡಿಯಬೇಕು. ರೈಲಿಗೂ ಬಸ್ಸಿಗೂ ನಡುವೆ ನೂರೈವತ್ತು ಹೆಜ್ಜೆ.

ಮೊನ್ನೆ ಮಂಗಳವಾರ ರಾಧಾ ಎಂಬ ಲ್ಯಾಬ್ ಟೆಕ್ನಿಷಿಯನ್ ಇದೇ ರೈಲಿನಿಂದ ಇಳಿದು, ಇದೇ ಸಿರುಗುಪ್ಪ ಬಸ್ಸು ಹತ್ತಿ, ಆಮೇಲೆ ಕಾಣೆಯಾಗಿದ್ದಳು. ಇವತ್ತು ಗುರುವಾರ.

ಅನುಷಾ ಬಸ್ಸಿನೊಳಗೆ ಹೋಗಲಿಲ್ಲ. ಹೊರಗೆ ನಿಂತೇ ಕಿಟಕಿಗಳಿಂದ ಒಂದೊಂದಾಗಿ ಚೀಲಗಳನ್ನು ಒಳಕ್ಕೆ ಎಸೆದಳು. ಚೀಲ ಬಿದ್ದ ಸೀಟು ಚೀಲದವರದು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದಿಟ್ಟ ಕಾನೂನಿಗಿಂತ ಗಟ್ಟಿ. ಬಸ್ಸು ಹೊರಡುವ ತನಕ ಎಂಥ ಸಾಹುಕಾರ ಬಂದರೂ ಆ ಸೀಟಿಗೆ ಕೈ ಹಚ್ಚುವಂತಿಲ್ಲ.

ಹಿಂದಿನಿಂದ ಉಳಿದ ಹೆಂಗಸರು ಮಾತಾಡುತ್ತ ಬಂದರು. ಅವರ ನಡಿಗೆಯಲ್ಲಿ ಆತುರವಿರಲಿಲ್ಲ. ಚೀಲ ಆಗಲೇ ಕೂತಿರುವಾಗ ಮನುಷ್ಯರಿಗೆ ಏನು ಅವಸರ.

ಅವರಿನ್ನೂ ರಸ್ತೆ ದಾಟುತ್ತಿದ್ದರು. ಆಗಲೇ ಕಂಡಕ್ಟರ್ ಹುಲುಗೇಶ ಮಷಿನ್ನಿನಲ್ಲಿ ಟಪಟಪನೆ ಒತ್ತಿ ಟಿಕೆಟ್ಟುಗಳ ಉದ್ದನೆಯ ಪಟ್ಟಿಯನ್ನು ಹರಿದು ಅನುಷಾಳ ಕೈಗೆ ಕೊಟ್ಟ.

ಹನ್ನೊಂದು ವರ್ಷ ನೋಡಿದ್ದನ್ನು ವೀರಭದ್ರಮ್ಮ ಇವತ್ತು ಮೊದಲ ಸಲ ನೋಡಿದಳು.

ಮೊಣಕಾಲಿನ ನೋವನ್ನು ಲೆಕ್ಕಿಸದೆ ರಸ್ತೆ ದಾಟಿದಳು.

"ಹುಲುಗೇಶ, ಎಷ್ಟು ಟಿಕೆಟ್ ಕೊಟ್ಟಿ ಈಗ?"

"ಏಳ್ರಿ ಮೇಡಮ್. ಟ್ರೇನಿನ ಬ್ಯಾಚು. ಹೆಣ್ಣುಮಕ್ಕಳ ಜೀರೋ ಟಿಕೆಟ್."

"ಮಂದಿ ಎಷ್ಟು ಅದಾರ, ಎಣಸು."

ಹುಲುಗೇಶ ಬಾಗಿಲ ಹತ್ತಿರ ನಿಂತ ಹೆಂಗಸರನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಆರು ರಿ."

"ಮತ್ತ ಏಳನೇದು ಯಾರಿಗೆ ಕೊಟ್ಟಿ?"

ಅವನು ತಲೆ ಎತ್ತಿ ಕಿಟಕಿಗಳ ಕಡೆ ನೋಡಿದ. ಒಬ್ಬ ಟೀಚರು ಇವತ್ತು ಮಕ್ಕಳ ಪರೀಕ್ಷೆ ಪೇಪರುಗಳ ಚೀಲವನ್ನೂ ತಂದಿದ್ದಳು. ಅದಕ್ಕೂ ಒಂದು ಸೀಟು ಸಿಕ್ಕಿತ್ತು, ಒಂದು ಟಿಕೆಟ್ಟೂ ಸಿಕ್ಕಿತ್ತು.

"ಚೀಲ ಏಳಿದ್ದುವ್ರಿ," ಎಂದ ಮೆಲ್ಲಗೆ.

"ಮಂಗಳವಾರನೂ ಹಿಂಗ ಕೊಟ್ಟಿ?"

"ದಿನಾ ಹಿಂಗರಿ. ಎಲ್ಲಾರೂ ಗುರ್ತಿನವ್ರು. ಮೊದಲ ಇವರದು ಮುಗಿಸಿಬಿಟ್ರ ಮುಂದಿನ ಗದ್ದಲದಾಗ ಅನುಕೂಲ ಆಕ್ಕತಿ."

"ರಾಧಾನ ಮಾರಿ ನೋಡಿದ್ದೇನು ಅವತ್ತು?"

"ಚೀಲ ನೋಡಿದ್ದೆರಿ. ನೀಲಿ ಚೀಲ. ಮೂರನೇ ಕಿಟಕಿ."

"ಸಿರುಗುಪ್ಪ ಪೊಲೀಸ್ರ ಮುಂದ ಏನಂತ ಹೇಳಿದಿ?"

"ಆ ಯಕ್ಕ ಕುಂತಿದ್ಲು ಅಂತ ಹೇಳಿದೆರಿ. ಬಸ್ ಬಿಟ್ಟ ಮ್ಯಾಲೆ ಆ ಸೀಟಿನಾಗ ಸೊಪ್ಪು ಮಾರೋ ಮುದುಕಿ ಒಬ್ಬಾಕಿ ಚೀಲ ತೊಡಿಮ್ಯಾಲ ಇಟ್ಕೊಂಡು ಕುಂತಿದ್ಲು. ಯಕ್ಕ ಮುದುಕಿಗೆ ಸೀಟ್ ಬಿಟ್ಟು ಹಿಂದ ನಿಂತಿರಬೇಕು ಅನ್ಕೊಂಡೆ. ತುಂಬಿದ ಬಸ್ಸು, ಯಾರನ್ನಂತ ನೋಡ್ಲಿ. ಕಡೀಗೆ ಸ್ಟ್ಯಾಂಡಿನಾಗ ಚೀಲ ಒಂದ ಉಳಿದಿತ್ತು."

ತಪ್ಪು ಅವನೊಬ್ಬನದಾಗಿದ್ದರೆ ನಾಲ್ಕು ಮಾತು ಬೈದು ವೀರಭದ್ರಮ್ಮ ಹಗುರವಾಗುತ್ತಿದ್ದಳು. ಆದರೆ ಮಂಗಳವಾರ ಇದೇ ಗೇಟಿನಲ್ಲಿ ಆಕೆಯೂ ನಿಂತಿದ್ದಳು. ರಾಧಾ "ನಮಸ್ಕಾರ ಅಕ್ಕಾ" ಎನ್ನುತ್ತ ಗೇಟು ದಾಟಿದ್ದನ್ನು ನೋಡಿದ್ದಳು. ಎರಡು ನಿಮಿಷದ ನಂತರ ಮೂರನೆಯ ಕಿಟಕಿಯಲ್ಲಿ ಹಳದಿ ಹೂವಿನ ನೀಲಿ ಚೀಲವನ್ನು ನೋಡಿದ್ದಳು. "ರಾಧಾ ಸಿರುಗುಪ್ಪ ಬಸ್ಸಿನಲ್ಲಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಹೇಳಿಕೆ ಬರೆದು ಸಹಿ ಹಾಕಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಸಹಿಯನ್ನು ನಂಬಿ ಪೊಲೀಸರು ಎರಡು ದಿನ ಸಿರುಗುಪ್ಪದ ಬಾವಿ, ಕಾಲುವೆ, ರೈಸ್‌ಮಿಲ್ಲುಗಳ ಗೋದಾಮು ಜಾಲಾಡಿದ್ದರು. ರಾಧಾಳ ಗಂಡ ಪ್ರಭುಲಿಂಗ ಅಲ್ಲಿನ ಮಿಲ್ಲೊಂದರಲ್ಲಿ ಕೆಲಸ ಮಾಡುತ್ತಾನೆ, ಹೆಂಡತಿಯಿಂದ ದೂರವಾಗಿ ಎರಡು ವರ್ಷ. ಅವನನ್ನು ನಿನ್ನೆಯಿಂದ ಠಾಣೆಯಲ್ಲಿ ಕೂರಿಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಗಿತ್ತು ಎಲ್ಲರ ಕಥೆ.

ರಾಧಾ ಸಿರುಗುಪ್ಪಕ್ಕೆ ಹೋಗಿಯೇ ಇರಲಿಲ್ಲ. ಹೋಗಿದ್ದು ಅವಳ ಚೀಲ ಮಾತ್ರ. ಆ ಚೀಲದಲ್ಲೇ ಅವಳ ಇನ್ಸುಲಿನ್ ಇತ್ತು.

ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ ಅನುಷಾಳ ರಟ್ಟೆ ಹಿಡಿದು ವೀರಭದ್ರಮ್ಮ ಕೆಳಗಿಳಿಸಿದಳು. "ನೀನು ಇವತ್ತ ಈ ಬಸ್ಸಿಗೆ ಹೋಗಂಗಿಲ್ಲ. ಒಳಗ ಬಾ."

"ಮೇಡಮ್, ನನಗ ಲೇಟಾಕ್ಕತಿ. ಹೆಡ್ ಮಾಸ್ತರು—"

"ಬಾ ಅಂದೆ."

ಹುಲುಗೇಶ ಸೀಟಿ ಊದಿದ. ಸಿರುಗುಪ್ಪ ಬಸ್ಸು ಏಳು ಚೀಲಗಳನ್ನೂ ಐವರು ಹೆಂಗಸರನ್ನೂ ಹೊತ್ತುಕೊಂಡು ಹೊರಟಿತು.

*

ಪ್ಲಾಟ್‌ಫಾರಂ ಮೇಲಿನ ಕಲ್ಲುಬೆಂಚಿನಲ್ಲಿ ರಾಧಾಳ ತಾಯಿ ವಿರೂಪಮ್ಮ ಕೂತಿದ್ದಳು. ಮಂಗಳವಾರ ಸಂಜೆ ಬಂದವಳು ಇನ್ನೂ ಊರಿಗೆ ಹೋಗಿಲ್ಲ. ತೊಡೆಯ ಮೇಲೆ ಒಂದು ಸ್ಟೀಲ್ ಫ್ಲಾಸ್ಕು. ಅದರಲ್ಲಿ ಐಸು, ಐಸಿನ ನಡುವೆ ಮಗಳ ಔಷಧಿಯ ಇನ್ನೊಂದು ಬಾಟಲಿ. ಐಸು ಕರಗಿದಾಗಲೆಲ್ಲ ಎದ್ದು ಹೋಗಿ ಸೋಡಾ ಅಂಗಡಿಯಿಂದ ಹೊಸ ಐಸು ಬೇಡಿ ತರುತ್ತಿದ್ದಳು.

ಹದಿನಾಲ್ಕನೆಯ ವಯಸ್ಸಿನಿಂದ ರಾಧಾಳಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್ ಬೇಕು. ತಾನೇ ಚುಚ್ಚಿಕೊಳ್ಳುತ್ತಾಳೆ. ಮಂಗಳವಾರ ಬೆಳಗಿನದು ಮನೆಯಲ್ಲಿ ಆಗಿತ್ತು. ಅದರ ನಂತರದ್ದು ಒಂದೂ ಆಗಿಲ್ಲ. ಬಳ್ಳಾರಿಯ ಡಾಕ್ಟರು ನಿನ್ನೆ ಸುತ್ತುಬಳಸಿಲ್ಲದೆ ಹೇಳಿದ್ದರು. ಮೊದಲು ತಡೆಯಲಾರದ ಬಾಯಾರಿಕೆ, ಆಮೇಲೆ ವಾಂತಿ, ಮೂರನೆಯ ದಿನಕ್ಕೆ ಮಂಪರು. ಔಷಧಿ ಇಲ್ಲದೆ ಸಿಹಿ ಹೊಟ್ಟೆಗೆ ಬಿದ್ದರೆ ಜೀವ ಹೋಗಲು ಮೂರನೆಯ ದಿನದ ತನಕವೂ ಕಾಯಬೇಕಿಲ್ಲ.

ವಿರೂಪಮ್ಮನಿಗೆ ಕೇಳಿಸದಷ್ಟು ದೂರಕ್ಕೆ, ಪಾರ್ಸೆಲ್ ಕೋಣೆಯ ಹಿಂದಕ್ಕೆ ವೀರಭದ್ರಮ್ಮ ಹುಡುಗಿಯನ್ನು ಕರೆದೊಯ್ದಳು.

"ಅನುಷಾ, ರಾಧಾ ಬಸ್ ಹತ್ತಿದ್ದನ್ನ ನೀನು ನೋಡಿದೇನು?"

"ಹೇಳೀನಲ್ರಿ ಮೇಡಮ್. ಮೂರನೇ ಸೀಟಿನಾಗ—"

"ಚೀಲದ್ದು ಕೇಳ್ಲಿಲ್ಲ. ರಾಧಾಂದು ಕೇಳಿದೆ."

ಅನುಷಾ ನೆಲ ನೋಡಿದಳು. ಇಪ್ಪತ್ಮೂರು ವರ್ಷದ ಹುಡುಗಿ, ಸಿರುಗುಪ್ಪದ ಈಚೆಗಿನ ಹಳ್ಳಿಯೊಂದರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಕಾಲಿನ ಹೆಬ್ಬೆರಳಿನಿಂದ ಪ್ಲಾಟ್‌ಫಾರಂ ಕೆರೆಯತೊಡಗಿದಳು.

"ನಾ ಹಿಂದಿನ ಸೀಟಿನಾಗ ಇದ್ದೆರಿ. ಮುಂದ ಮಂದಿ ನಿಂತಿದ್ರು. ಕಾಣಲಿಲ್ಲ."

"ಇಳಿಯುವಾಗ?"

"ನಂದು ಮೊದಲನೇ ಸ್ಟಾಪು. ಹಿಂದಿನ ಬಾಗಲದಾಗ ಇಳಿದೆರಿ."

"ಅಂದ್ರ ನೋಡಿಲ್ಲ."

ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಚೀಲ ನಿನ್ನ ಕೈಯಾಗ ಕೊಟ್ಟಾಕಿ ಏನಂದ್ಲು? ಖರೆ ಹೇಳು ತಂಗಿ. ಆಕಿ ಔಷಧಿ ಇಲ್ದ ನಲವತ್ತೆಂಟು ತಾಸಾತು. ಅಲ್ಲಿ ನೋಡು, ಆಕಿ ಅವ್ವ ಹೆಂಗ ಕುಂತಾಳ."

ಅನುಷಾ ಅತ್ತ ನೋಡಲಿಲ್ಲ. ನೋಡಿದ್ದರೆ ಬಾಯಿ ಬಿಡುವುದು ಇನ್ನೂ ಕಷ್ಟವಾಗುತ್ತಿತ್ತೇನೋ.

"ರೈಲಿನಾಗ ಫೋನ್ ಬಂತ್ರಿ," ಎಂದಳು ಕೊನೆಗೆ. "ವಾಟ್ಸಾಪ್ ಫೋನು. 'ಯಾರು ಬಿದ್ರು? ಹೆಂಗ ಅದಾರ?' ಅಂದ್ಲು ರಾಧಕ್ಕ. ಮಾರಿ ಬೆಳ್ಳಗಾತು. ನಾ ಕೇಳಿದೆ, ಏನಕ್ಕ ಅಂತ. 'ಕುರುಗೋಡಿನ ಬಸ್ಸಿನಾಗ ಯಾರೋ ಅದಾರಂತ, ಒಂದು ಮಾತು ಕೇಳಿ ಬರ್ತೀನಿ. ನೀ ಸೀಟ್ ಹಿಡಿ' ಅಂದ್ಲು."

ಫೋನ್ ಕಂಪನಿ ಪೊಲೀಸರಿಗೆ ಕೊಟ್ಟ ಪಟ್ಟಿಯಲ್ಲಿ ಈ ಕರೆ ಯಾಕಿರಲಿಲ್ಲ ಎಂಬುದು ಈಗ ವೀರಭದ್ರಮ್ಮನಿಗೆ ತಿಳಿಯಿತು. ರಾಧಾಳ ಫೋನು ಕೊನೆಯದಾಗಿ ಸಿಗ್ನಲ್ ಕೊಟ್ಟದ್ದು ಊರ ಹೊರಗಿನ ರಸ್ತೆಯ ಟವರಿನಿಂದ. ಸಿರುಗುಪ್ಪ ಬಸ್ಸೂ ಕುರುಗೋಡು ಬಸ್ಸೂ ಅಲ್ಲಿಯವರೆಗೆ ಒಂದೇ ರಸ್ತೆಯಲ್ಲಿ ಹೋಗುತ್ತವೆ, ಮುಂದಿನ ಕ್ರಾಸಿನಲ್ಲಿ ಅಗಲುತ್ತವೆ. ಆ ಟವರು ಎರಡು ಬಸ್ಸಿಗೂ ಸಾಕ್ಷಿ ಹೇಳುತ್ತದೆ. ಪೊಲೀಸರು ಒಂದನ್ನೇ ಕೇಳಿದ್ದರು.

"ಇದನ್ನ ಮೊನ್ನೇನ ಯಾಕ ಹೇಳ್ಲಿಲ್ಲ?"

"ಬಸ್ ಬಿಡೋ ಮುಂದ ಕಂಡಕ್ಟರು ಎಲ್ಲಾರೂ ಬಂದ್ರೇನು ಅಂತ ಕೇಳಿದ್ರು. ನಾ ತಿರುಗಿ ನೋಡ್ಲಿಲ್ಲ. ಎಲ್ಲಾರೂ ಅದೀವಿ, ಹೋಗ್ರಿ ಅಂದೆ." ಅನುಷಾ ಕಣ್ಣೊರೆಸಿಕೊಂಡಳು. "ನಾನ ಬಿಡಿಸಿದೆರಿ ಬಸ್ಸು. ಆಮ್ಯಾಲೆ ಪೊಲೀಸ್ರು ಬಂದು, ಕುಂತಿದ್ಲೇನು ಅಂದ್ರು. ಕುಂತಿದ್ಲು ಅಂದೆ. ನೀವೂ ನೋಡೀನಿ ಅಂತ ಬರ್ಕೊಟ್ಟಿದ್ರಿ. ಹಂಗಿದ್ರ ಕುಂತಿರಬೇಕು ಅನಿಸ್ತು."

ಬೈಯಲು ತೆರೆದ ಬಾಯಿಯನ್ನು ವೀರಭದ್ರಮ್ಮ ಮುಚ್ಚಿಕೊಂಡಳು. ಈ ಹುಡುಗಿ ನಂಬಿದ್ದು ತನ್ನ ಸಹಿಯನ್ನು. ತಾನು ನಂಬಿದ್ದು ಈ ಹುಡುಗಿ ಎಸೆದ ಚೀಲವನ್ನು. ಇಬ್ಬರ ನಡುವೆ ಒಂದು ಜೀವ ಜಾರಿಹೋಗಿತ್ತು.

"ಅಳಬ್ಯಾಡ. ಹೋಗಿ ಆ ತಾಯಿ ಹತ್ರ ಕುಂದ್ರು. ನೀರು ಕುಡಸು," ಎಂದಳು.

ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದಳು. ಅವರು ಪೂರ್ತಿ ಕೇಳಿಸಿಕೊಂಡರು, ಕೇಳಿ ನಿಟ್ಟುಸಿರು ಬಿಟ್ಟರು. "ವೀರಭದ್ರಮ್ಮ, ನಿಮ್ಮ ಸರಹದ್ದು ಸ್ಟೇಷನ್ ಗೇಟಿನ ತನಕ. ಕುರುಗೋಡು ಠಾಣೆಗೆ ನಾನು ತಿಳಿಸ್ತೀನಿ. ಮಧ್ಯಾಹ್ನದೊಳಗೆ ಯಾರನ್ನಾದರೂ ಕಳಿಸ್ತಾರೆ."

"ಮಧ್ಯಾಹ್ನ ಅಂದ್ರ ತಡ ಆಕ್ಕತಿ ಸರ್."

"ಬೇರೆ ದಾರಿ ಇಲ್ಲ."

"ಹಂಗಾದ್ರ ನನಗ ಅರ್ಧ ದಿನ ರಜಾ ಕೊಡ್ರಿ. ಮಣಕಾಲು ಬಾಳ ನೋಯಾಕ ಹತ್ಯಾವು."

ಇನ್ಸ್‌ಪೆಕ್ಟರು ದಡ್ಡರಲ್ಲ. "ಹುಷಾರು" ಎಂದು ಫೋನ್ ಇಟ್ಟರು.

ಗೇಟಿನ ಹತ್ತಿರ ವಿರೂಪಮ್ಮ ಅಡ್ಡ ಬಂದಳು. ಫ್ಲಾಸ್ಕನ್ನು ಎರಡೂ ಕೈಯಿಂದ ಮುಂದೆ ಚಾಚಿದಳು.

"ಸಿಕ್ಕ ಕೂಡ್ಲೆ ಕೊಡ್ರಿ ಯಕ್ಕಾ. ಹೊಟ್ಟಿಮ್ಯಾಲ ಚುಚ್ಚಿಕೊಂತಾಳ, ಆಕಿಗೆ ಗೊತ್ತೈತಿ. ಬಿಸಲಿಗೆ ಇಡಬ್ಯಾಡ್ರಿ."

ವೀರಭದ್ರಮ್ಮ ಅದನ್ನು ತೆಗೆದುಕೊಂಡಳು.

*

ಕುರುಗೋಡು ಬಸ್ಸು ಒಂಬತ್ತಕ್ಕೆ ಹೊರಟಿತು. ಖಾಕಿಯಲ್ಲಿದ್ದ ಎಎಸ್‌ಐಗೂ ಒಂದು ಜೀರೋ ಟಿಕೆಟ್ಟು ಬಂತು. ಟಿಕೆಟ್ ಕೊಟ್ಟ ಕಂಡಕ್ಟರು ದೊಡ್ಡಬಸವರಾಜ ಹೆಸರಿಗೆ ತಕ್ಕ ಆಳು. ಆಧಾರ್ ಕಾರ್ಡು ನೋಡದೆ ತನ್ನ ತಂಗಿಗೂ ಫ್ರೀ ಟಿಕೆಟ್ ಕೊಡುವವನಲ್ಲ ಎಂದು ಈ ಮಾರ್ಗದಲ್ಲಿ ಅವನಿಗೆ ಕೆಟ್ಟ ಹೆಸರಿತ್ತು. ವೀರಭದ್ರಮ್ಮನ ಕಾರ್ಡನ್ನೂ ತಿರುಗಿಸಿ ಮುರುಗಿಸಿ ನೋಡಿದ.

ಆಕೆಗೆ ಆ ಕ್ಷಣ ಅವನ ಮೇಲೆ ಎಲ್ಲಿಲ್ಲದ ಗೌರವ ಬಂತು. ಒಬ್ಬನಾದರೂ ಮುಖ ನೋಡುತ್ತಾನೆ.

ಮೊಬೈಲಿನಲ್ಲಿದ್ದ ರಾಧಾಳ ಫೋಟೋ ತೋರಿಸಿದಳು. "ಮಂಗಳವಾರ ಈಕಿ ನಿಮ್ಮ ಬಸ್ಸಿನಾಗ ಬಂದಿದ್ಲೇನು?"

ದೊಡ್ಡಬಸವರಾಜ ಫೋಟೋ ನೋಡಿದ ಕೂಡಲೇ ತಲೆ ಆಡಿಸಿದ. "ಬಂದಿದ್ಲ್ರಿ. ಕಾರ್ಡಿಲ್ದಾಕಿ."

"ಕಾರ್ಡಿಲ್ದಾಕಿ?"

"ಕೈಯಾಗ ಚೀಲ ಇಲ್ಲ, ಪರ್ಸಿಲ್ಲ. ಬರೇ ಫೋನು. ಕಾರ್ಡು ತೋರ್ಸವ್ವ ಅಂದ್ರ, ಚೀಲದಾಗ ಐತಿ, ಚೀಲ ಆ ಬಸ್ಸಿನಾಗ ಹೋತು ಅಂದ್ಲು. ಕಾರ್ಡಿಲ್ಲಾಂದ್ರ ರೊಕ್ಕ ಕೊಡಬೇಕು, ಇಲ್ಲಾಂದ್ರ ಇಳಿ ಅಂದೆ. ಇಳೀತೀನಿ ಅಂತ ಎದ್ದೂ ಬಿಟ್ಟಿದ್ಲು."

"ಮತ್ತ ಯಾಕ ಇಳೀಲಿಲ್ಲ?"

"ಬಾಜೂಕ ಒಬ್ಬಾಕಿ ಹೆಣಮಗಳು ಕುಂತಿದ್ಲ್ರಿ. ಐವತ್ತರ ಮ್ಯಾಲೆ ಇರಬೇಕು. ಹಸರ ಸೀರಿ, ಮಾತಿನಾಗ ತೆಲುಗು ಬೆರಕಿ. ಈಕಿ ಕೈ ಹಿಡಕೊಂಡು ಕುಂದ್ರಿಸಿದ್ಲು. ತಾನ ಟಿಕೆಟಿನ ರೊಕ್ಕ ಕೊಟ್ಲು. 'ನಮ್ಮ ಸೊಸಿ, ಸಿಟ್ಟು ಮಾಡ್ಕೊಂಡಾಳ, ಮನೀಗೆ ಕರಕೊಂಡು ಹೊಂಟೀನಿ' ಅಂದ್ಲು."

"ಹುಡುಗಿ ಏನಂದ್ಲು?"

"ಸುಮ್ನ ಇದ್ಲ್ರಿ. ಕಣ್ಣಾಗ ನೀರಿದ್ದುವು." ದೊಡ್ಡಬಸವರಾಜ ತಡವರಿಸಿದ. "ಅತ್ತಿ-ಸೊಸಿ ಮಾತು ಅಂತ ನಾವ್ಯಾರೂ ನಡುವ ಬರಲಿಲ್ಲ."

ಅತ್ತೆ-ಸೊಸೆ ಎಂದ ಕೂಡಲೇ ಬಸ್ಸಿಗೆ ಬಸ್ಸೇ ಕಿಟಕಿಯಾಚೆ ನೋಡತೊಡಗುತ್ತದೆ. ಹೆಣ್ಣೊಬ್ಬಳನ್ನು ಎಪ್ಪತ್ತು ಜನರ ಎದುರಿಗೆ ಕರೆದೊಯ್ಯಲು ಅದಕ್ಕಿಂತ ಸಲೀಸಾದ ಮಾತಿಲ್ಲ ಎಂದುಕೊಂಡಳು ವೀರಭದ್ರಮ್ಮ.

"ಎಲ್ಲಿ ಇಳಿದ್ರು?"

"ಟಿಕೆಟ್ ಕುರುಗೋಡಿಂದು. ಸ್ಟ್ಯಾಂಡಿನಾಗ ಇಳಿದಿದ್ದನ್ನ ನೋಡೀನಿ."

ರಾಧಾಳ ಗಂಡ ಪ್ರಭುಲಿಂಗನ ಊರು ಕುರುಗೋಡೇ. ತಾಯಿಯನ್ನು ಕಳಿಸಿ ಹೆಂಡತಿಯನ್ನು ಎತ್ತಿಸಿ, ತಾನು ಮಾತ್ರ ಮಿಲ್ಲಿನಲ್ಲಿ ಮೂವತ್ತು ಜನರ ಕಣ್ಣಿಗೆ ಬೀಳುವಂತೆ ಕೆಲಸ ಮಾಡುತ್ತ ಕೂತನೇ? ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಸರಿಯಾಗಿ ಕೂಡಿದ ಲೆಕ್ಕದ ಮೇಲೆ ಇವತ್ತು ಆಕೆಗೆ ನಂಬಿಕೆ ಇರಲಿಲ್ಲ.

ತನ್ನ ಕಾನ್‌ಸ್ಟೇಬಲ್ ಮಹಮ್ಮದ್ ಗೌಸ್‌ಗೆ ಫೋನ್ ಮಾಡಿದಳು. ಅವನು ನಿನ್ನೆಯಿಂದ ಸಿರುಗುಪ್ಪ ಠಾಣೆಯಲ್ಲೇ ಇದ್ದ.

"ಗೌಸ್, ಪ್ರಭುಲಿಂಗನ ಮುಂದ ಹೋಗಿ ಒಂದ ಮಾತು ಹೇಳು. ರಾಧಾನ ನಿಮ್ಮವ್ವ ಕುರುಗೋಡಿಗೆ ಕರಕೊಂಡು ಹೋಗ್ಯಾಳ ಅನ್ನು. ಏನಂತಾನ ನೋಡಿ ಹೇಳು."

ಕಿಟಕಿಯಾಚೆ ಭತ್ತದ ಗದ್ದೆ, ಮೆಣಸಿನಕಾಯಿ ಹೊಲ ಹಿಂದೆ ಸರಿದವು. ಪ್ರತಿ ಹಳ್ಳಿಯಲ್ಲೂ ಬಸ್ಸು ನಿಂತಿತು. ಇಳಿಯುವವರು ನಿಧಾನವಾಗಿ ಇಳಿದರು, ಹತ್ತುವವರು ಅದಕ್ಕಿಂತ ನಿಧಾನವಾಗಿ ಹತ್ತಿದರು. ವೀರಭದ್ರಮ್ಮ ಫ್ಲಾಸ್ಕನ್ನು ಸೆರಗಿಲ್ಲದ ಮಡಿಲಿನಲ್ಲಿ ಒತ್ತಿ ಹಿಡಿದಿದ್ದಳು. ಒಳಗೆ ಐಸಿನ ಸದ್ದು ಕಡಿಮೆಯಾಗುತ್ತಿತ್ತು. ಇಷ್ಟು ಭಯ ಆಕೆಗೆ ತನ್ನ ಹೆರಿಗೆಯಲ್ಲೂ ಆಗಿರಲಿಲ್ಲ.

ಹದಿನೈದು ನಿಮಿಷಕ್ಕೆ ಗೌಸ್ ತಿರುಗಿ ಮಾಡಿದ. ಅವನ ದನಿ ಬದಲಾಗಿತ್ತು.

"ಮೇಡಮ್, ನಿನ್ನೆಯಿಂದ ಕಲ್ಲಿನಂಗ ಕುಂತಿದ್ದ ಮನಷ ಈಗ ಅಳಾಕ ಹತ್ಯಾನ್ರಿ."

"ಏನಂದ?"

"ನಮ್ಮವ್ವ ಸತ್ತು ಮೂರು ವರ್ಷ ಆತು ಅಂದ. ಬ್ಯಾರೆ ಯಾರೂ ಹೆಣಮಕ್ಕಳು ಮನ್ಯಾಗ ಇಲ್ಲಂತ. ಇಲ್ಲಿ ಅವರ ಊರಿನವ್ರು ಇಬ್ರು ಬಂದಾರ, ಅವರನ್ನೂ ಕೇಳಿದೆ. ಖರೆ ಐತ್ರಿ. ನನ್ನ ಹೊಡದ್ರೂ ಹೊಡೀರಿ, ಮೊದಲ ಆಕಿ ಔಷಧಿ ಮುಟ್ಟಸ್ರಿ ಅಂತ ಕಾಲು ಹಿಡಿಯಾಕ ಬಂದಾನ್ರಿ."

ವೀರಭದ್ರಮ್ಮ ಫೋನ್ ಇಳಿಸಿದಳು. ಹಾಗಾದರೆ ಅತ್ತೆಯಲ್ಲದ ಆ ಅತ್ತೆ ಯಾರು? ಆ ಹೆಂಗಸು ಕೈ ಹಿಡಿದ ಕೂಡಲೇ ರಾಧಾ ಯಾಕೆ ಸುಮ್ಮನೆ ಕೂತಳು?

*

ಕುರುಗೋಡಿನಲ್ಲಿ ಮನೆ ಮನೆ ಬಾಗಿಲು ತಟ್ಟುತ್ತ ಕೂರಲು ಸಮಯವಿರಲಿಲ್ಲ. ಬಸ್ಸಿನಲ್ಲೇ ಆಕೆ ಯೋಚಿಸಿದ್ದಳು. ರಾಧಾಳ ಚೀಲ ಸಿರುಗುಪ್ಪಕ್ಕೆ ಹೋಗಿದೆ. ಮಂಗಳವಾರ ಸಂಜೆಯಾಗುತ್ತಲೇ ಅವಳು ಇಂಜೆಕ್ಷನ್ ಬೇಕೆಂದು ಅಂಗಲಾಚಿರುತ್ತಾಳೆ. ಕರೆದೊಯ್ದವರಿಗೆ ಅವಳು ಬದುಕಿರುವುದು ಬೇಕಾಗಿದ್ದರೆ ಯಾರಾದರೂ ಔಷಧಿ ಅಂಗಡಿಗೆ ಬರಲೇಬೇಕು. ಅಂಗಡಿಗಳು ಹಲವಿರಬಹುದು, ಇನ್ಸುಲಿನ್ ಇಡುವವು ಕೆಲವೇ.

ಮೊದಲನೆಯ ಅಂಗಡಿಯವನು ಇಲ್ಲ ಎಂದ. ಎರಡನೆಯವನು ಪುಸ್ತಕ ತಿರುವಿ ನೋಡಿ ಇಲ್ಲ ಎಂದ. ಮೂರನೆಯದು ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿತ್ತು. ಗಲ್ಲಾದ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಮುದುಕರೊಬ್ಬರು ಕೂತಿದ್ದರು.

"ಬರ್ರಿ ಯವ್ವಾ. ನಾನು ಮಲ್ಲಯ್ಯ. ಅಂಗಡಿ ಮಗಂದು, ಅವ ಮಾಲು ತರಾಕ ಬಳ್ಳಾರಿಗೆ ಹೋಗ್ಯಾನ. ಏನ್ ಬೇಕಾಗಿತ್ರಿ?"

"ಮಂಗಳವಾರ ಸಂಜಿಮುಂದ ಯಾರರ ಇನ್ಸುಲಿನ್ ತಗೊಂಡು ಹೋದ್ರೇನ್ರಿ?"

"ಮಂಗಳವಾರ," ಎಂದು ಮಲ್ಲಯ್ಯ ಕಣ್ಣು ಮುಚ್ಚಿದರು. ವೀರಭದ್ರಮ್ಮನಿಗೆ ಆ ಕಣ್ಣುಗಳು ಮತ್ತೆ ತೆರೆಯುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು. "ಹೌದ್ರಿ. ಮಗ ಇದ್ದ ಅವತ್ತು. ಒಬ್ಬಾಕಿ ಹೆಣಮಗಳು ಚೀಟಿಮ್ಯಾಲ ಹೆಸರು ಬರಿಸ್ಕೊಂಡು ಬಂದಿದ್ಲು. ಸೂಜೀನೂ ಒಯ್ದಳು. ಎಲ್ಲಿ ಚುಚ್ಚಬೇಕು, ಹೆಂಗ ಚುಚ್ಚಬೇಕು ಅಂತ ಮಗನ ಹತ್ರ ಮೂರು ಮೂರು ಸಲ ಕೇಳಿದ್ಲು."

"ಹಸರ ಸೀರಿ? ತೆಲುಗು ಬೆರಕಿ ಮಾತು?"

"ಆಕಿನ. ನಿಮಗ ಬೇಕಾದಾಕಿ ಏನ್ರಿ?"

ವೀರಭದ್ರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ರಾಧಾ ಹದಿನಾಲ್ಕನೆಯ ವಯಸ್ಸಿನಿಂದ ತಾನೇ ಚುಚ್ಚಿಕೊಳ್ಳುವವಳು. ಅವಳಿಗೆ ಇನ್ನೊಬ್ಬರು ಯಾಕೆ ಚುಚ್ಚಬೇಕು? ಅವಳ ಕೈಗಳು ಅವಳ ಸ್ವಾಧೀನದಲ್ಲಿಲ್ಲ. ಕಟ್ಟಿಹಾಕಿದ್ದಾರೆ. ಆದರೂ ಔಷಧಿ ಒಯ್ದಿದ್ದಾರಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಎರಡು ದಿನದಲ್ಲಿ ಮೊದಲ ಬಾರಿ ಆಕೆಗೆ ಉಸಿರು ಸಲೀಸಾಗಿ ಬಂತು.

"ಆಕಿ ಮನಿ ಎಲ್ಲಿ, ಏನರ ಗೊತ್ತೈತೇನ್ರಿ ಅಯ್ಯನವರ?"

"ಮನಿ ಗೊತ್ತಿಲ್ರಿ. ಈ ಊರಿನಾಕಿ ಅಲ್ಲ, ನಾ ನೋಡಿಲ್ಲ. ಆದ್ರ ಇವತ್ತ ಬೆಳಿಗ್ಗೆನೂ ಬಂದಿದ್ಲು. ಈಗ ಒಂದು ತಾಸಾತು ನೋಡ್ರಿ." ಮಲ್ಲಯ್ಯ ಬಗ್ಗಿ ಗಲ್ಲಾದ ಕೆಳಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಮುಂದಿಟ್ಟರು. "ಇದನ್ನ ವಾಪಸ್ ಕೊಟ್ಲು. ಫ್ರಿಜ್ಜಿನ ಮಾಲು ವಾಪಸ್ ತಗೊಬ್ಯಾಡಪ್ಪ ಅಂತ ಮಗ ಹೇಳ್ಯಾನ. ಆದ್ರ ಆ ಯವ್ವನ ಮಾರಿ ನೋಡಿ ಇಲ್ಲ ಅನ್ನಾಕ ಆಗಲಿಲ್ಲ."

ವೀರಭದ್ರಮ್ಮ ಡಬ್ಬಿ ಬಿಚ್ಚಿದಳು. ಇನ್ಸುಲಿನ್ ಬಾಟಲಿ. ಮುಚ್ಚಳದ ಸೀಲು ಒಡೆದಿರಲಿಲ್ಲ. ಸೂಜಿಗಳ ಪಾಕೀಟೂ ಹಾಗೇ ಇತ್ತು.

ಅಂದರೆ ಮಂಗಳವಾರದಿಂದ ಒಂದು ಹನಿಯೂ ಆ ಹುಡುಗಿಯ ಮೈಗೆ ಹೋಗಿಲ್ಲ.

ಆಕೆಗೆ ಕೇಳಲೇ ಭಯವಾಯಿತು. ಆದರೂ ಕೇಳಿದಳು. "ವಾಪಸ್ ಯಾಕ ಕೊಟ್ಲ್ರಿ? ಹುಡುಗಿ... ಅದಾಳಂತೇನ್ರಿ?"

"ಅಯ್ಯ, ಹಂಗ್ಯಾಕ ಅಂತೀರಿ ಯವ್ವಾ. ಜೀವಕ್ಕೇನೂ ಭಯ ಇಲ್ಲ," ಎಂದು ಮಲ್ಲಯ್ಯ ಸಮಾಧಾನದ ನಗೆ ನಕ್ಕರು. "ನಿತ್ರಾಣ ಆಗೇತಂತ, ಅಷ್ಟ. ಬರೇ ನೀರು ನೀರು ಅಂತಾಳಂತ, ಕುಡದದ್ದು ಹೊಟ್ಟ್ಯಾಗ ನಿಲ್ಲವಲ್ದಂತ. ಸೂಜಿ ಚುಚ್ಚಾಕ ನನಗ ಕೈ ಬರವಲ್ದು, ಶಕ್ತಿ ಬರೋವಂಥಾದ್ದು ಬ್ಯಾರೆ ಏನರ ಕೊಡ್ರಿ ಅಂತ ಕಣ್ಣೀರು ಹಾಕಿದ್ಲು."

"ಏನ್ ಕೊಟ್ರಿ?"

"ಗ್ಲೂಕೋಸ್ ಪುಡಿರಿ. ನಾಕು ಪಾಕೀಟು ಕೊಟ್ಟೀನಿ. ನೀರಾಗ ಗಟ್ಟಿಯಾಗಿ ಕಲಸಿ ತಾಸಿಗೊಮ್ಮೆ ಕುಡಸವ್ವಾ, ಸಂಜಿ ಒಳಗ ಎದ್ದು ಕುಂದರ್ತಾಳ ಅಂತ ನಾನ ಹೇಳಿ ಕಳಿಸೀನಿ."